ಪಿಕಪ್ ಕೊಳ್ಳುವ ಮುನ್ನ ನಿಮ್ಮ ದಾರಿಯನ್ನು ನೋಡಿ

2024ರಲ್ಲಿ ರೊಬಸ್ಟಾ ಬೆಲೆ ದಾಖಲೆಯ ಮಟ್ಟಕ್ಕೆ ಏರಿದ ಮೇಲೆ ನಮ್ಮ ಸದಸ್ಯರಲ್ಲಿ ಅನೇಕರು ಹಳೆಯ ಜೀಪನ್ನು ಕೊಟ್ಟು ಎರಡು ಸಾಲು ಆಸನದ ಪಿಕಪ್ ಕೊಳ್ಳುವ ಯೋಚನೆಯಲ್ಲಿದ್ದಾರೆ. ಯೋಚನೆ ತಪ್ಪಲ್ಲ. ಪೇಟೆ, ಬ್ಯಾಂಕು, ಮಕ್ಕಳ ಶಾಲೆ, ಗೊಬ್ಬರ, ಮೈಲುತುತ್ತ, ಅಡಿಕೆ ಮೂಟೆ, ಇಷ್ಟಕ್ಕೂ ಒಂದೇ ಗಾಡಿ ಒದಗಿದರೆ ಅನುಕೂಲವೇ ಸರಿ. ಆದರೆ ಮಾರುವವರು ಮುಂದಿಡುವ ಮೂರು ನಾಲ್ಕು ದರ್ಜೆಗಳಲ್ಲಿ ಒಂದನ್ನು ಆರಿಸುವಾಗ ನಮ್ಮವರ ಕಣ್ಣು ಹೊಳೆಯುವ ವಸ್ತುಗಳ ಮೇಲೆಯೇ ಬೀಳುತ್ತಿದೆ.

ಇಸುಜುವಿನದನ್ನೇ ನೋಡಿ. 2021ರಲ್ಲಿ ಬಂದ ಹೈಲ್ಯಾಂಡರಿಗೂ ಅದರ ಅಣ್ಣನಾದ ವಿ-ಕ್ರಾಸಿಗೂ ಎಂಜಿನ್ ಒಂದೇ: 1.9 ಲೀಟರಿನ ಡೀಸೆಲ್, 163 ಅಶ್ವಶಕ್ತಿ. ಹೈಲ್ಯಾಂಡರಿನಲ್ಲಿ ಎಳೆತ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ವಿ-ಕ್ರಾಸ್ ಎಂಬ ಹೆಸರಿನಲ್ಲೂ ಎರಡು ಚಕ್ರದ ಎಳೆತದ್ದೊಂದು ದರ್ಜೆ ಬಂದಿತ್ತಾದ್ದರಿಂದ ಹೆಸರನ್ನು ನಂಬಿ ಮುಂಗಡ ಕಟ್ಟಬಾರದು. 2022ರಲ್ಲಿ ಬಂದ ಟೊಯೋಟಾ ಹೈಲಕ್ಸಿಗೆ ಎಲ್ಲ ದರ್ಜೆಯಲ್ಲೂ ನಾಲ್ಕು ಚಕ್ರದ ಎಳೆತ ಕೊಟ್ಟಿದ್ದರು. ಅಲ್ಲಿ ಮೇಲಿನ ದರ್ಜೆಗೆ ತೆರುವ ಹಣ ಬಹುಪಾಲು ಸೌಕರ್ಯಕ್ಕೂ ಆಟೋಮ್ಯಾಟಿಕ್ ಗೇರಿಗೂ ಹೋಗುತ್ತದೆ.

ಖಾಲಿ ಪಿಕಪ್ಪಿನ ಹಿಂಭಾಗ ಹಗುರ. ಮಳೆ ಹಿಡಿದು ದಾರಿ ಜಾರತೊಡಗಿದಾಗ, ಎಳೆಯಬೇಕಾದ ಚಕ್ರಗಳ ಮೇಲೆ ಭಾರವಿಲ್ಲದೆ ಅವು ನಿಂತಲ್ಲೇ ಸುತ್ತುತ್ತವೆ. 50 ಕೆ.ಜಿ.ಯ ನಾಲ್ಕು ಮೂಟೆ ಹೇರಿದರೆ ಅದೇ ಗಾಡಿ ಅದೇ ಏರನ್ನು ಹತ್ತುವುದುಂಟು. ಆದುದರಿಂದ ಗೇಟಿನವರೆಗೆ ಟಾರು, ಒಳಗೆ ಸಮತಟ್ಟಾದ ಕಣ ಇರುವವರಿಗೆ ಎರಡು ಚಕ್ರದ್ದು ಧಾರಾಳವಾಗಿ ಸಾಕು. ಕಡಿದಾದ ಮಣ್ಣಿನ ಏರು ಇನ್ನೂರು ಗಜವಿದ್ದರೂ ನಾಲ್ಕು ಚಕ್ರದ್ದೇ ಬೇಕು, ಅದೂ ‘ಲೋ’ ಗೇರು ಇರುವಂಥದು. ಆದರೆ ಅಂಥವುಗಳಲ್ಲಿ ಕೆಳಗಿನ ದರ್ಜೆಯನ್ನೇ ಕೇಳಿ. ಏರಿಗಿಂತ ಇಳಿಜಾರಿನಲ್ಲಿ ಆ ‘ಲೋ’ ಗೇರಿನ ಬೆಲೆ ತಿಳಿಯುತ್ತದೆ, ಏಕೆಂದರೆ ಕೆಸರಿನಲ್ಲಿ ಬ್ರೇಕು ಒತ್ತಿದರೆ ಚಕ್ರ ನಿಲ್ಲುತ್ತದೆಯೇ ಹೊರತು ಗಾಡಿ ನಿಲ್ಲುವುದಿಲ್ಲ. ಒಣಗಿದ ಟಾರಿಗೆ ಬಂದೊಡನೆ ಎರಡು ಚಕ್ರಕ್ಕೆ ಬದಲಿಸುವುದನ್ನು ಚಾಲಕನಿಗೆ ಕಲಿಸಬೇಕು. ಇಲ್ಲವಾದರೆ ಗೇರು ಪೆಟ್ಟಿಗೆಯ ಮೇಲೆ ವೃಥಾ ಒತ್ತಡ.

ಉಳಿದ ಹಣದಲ್ಲಿ ಒಳ್ಳೆಯ ಕಚ್ಚಿರುವ ಟೈರು ಹಾಕಿಸಿ. ಚರ್ಮದ ಸೀಟು ಕೆಸರುಗಾಲಿಗೆ ಬೇಡವೇ ಬೇಡ. ಗಾಳಿಚೀಲಗಳ ವಿಷಯ ಬೇರೆ: ಯಾವ ದರ್ಜೆಗೆ ಎಷ್ಟು ಎಂದು ಬರೆಸಿಕೊಳ್ಳಿ, ಅದಕ್ಕಾಗಿ ಮೇಲಿನ ದರ್ಜೆಗೆ ಹೋಗಬೇಕಾಗಿ ಬಂದರೆ ಹೋಗಿ. ಹೈಲಕ್ಸಿನ ಉದ್ದ 5.3 ಮೀಟರಿಗೂ ಹೆಚ್ಚು. ಕೊಟ್ಟಿಗೆಯ ಪಕ್ಕದ ತಿರುವನ್ನು ಮೊದಲು ಅಳೆದುಕೊಳ್ಳುವುದು ಒಳಿತು.

ಕ್ಯಾಂಪರಿನಂತಹ ಹಳದಿ ಫಲಕದ ಗಾಡಿ ಅಗ್ಗವೂ ಹೌದು, ಭಾರ ಹೊರುವುದೂ ಹೌದು. ಅದಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಫಿಟ್‌ನೆಸ್ ಮಾಡಿಸಬೇಕು. ಪ್ರತ್ಯೇಕ ಲೈಸೆನ್ಸಿನ ಭಯ ಬೇಡ: 7,500 ಕೆ.ಜಿ.ಯೊಳಗಿನ ಸರಕು ವಾಹನಕ್ಕೆ ಲಘು ವಾಹನದ ಲೈಸೆನ್ಸು ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪಿತ್ತಿದೆ.

ಇನ್ನೊಂದು ಮಾತನ್ನು ಕೆಲವರಿಗೆ ಬೇಸರವಾದರೂ ಹೇಳಲೇಬೇಕು. ಕೊಯ್ಲಿನ ಕಾಲದಲ್ಲಿ ಹಿಂದಿನ ತೊಟ್ಟಿಯಲ್ಲಿ ಹತ್ತು ಹನ್ನೆರಡು ಆಳುಗಳನ್ನು ನಿಲ್ಲಿಸಿಕೊಂಡು ಬರುವ ಪದ್ಧತಿ ನಿಲ್ಲಬೇಕು. ಒಳಗೆ ಐದು ಆಸನ ಇದ್ದರೆ ಐವರಿಗೇ ಅದು ಗಾಡಿ. ಸರಕು ವಾಹನಕ್ಕೆ ಬಿಟ್ಟಿಯಾಗಿ ಹತ್ತಿದವರ ಹೊಣೆ ವಿಮಾ ಕಂಪನಿಯದಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ನಮ್ಮ ಆಳುಗಳ ಮಟ್ಟಿಗೂ ಇದು ವರ್ಷಗಟ್ಟಲೆ ವ್ಯಾಜ್ಯಕ್ಕೆ ದಾರಿಯಾದೀತು. ಅಷ್ಟರಲ್ಲಿ ಲೈನ್ ಮನೆಯಲ್ಲಿ ಸೊಂಟ ಮುರಿದು ಮಲಗಿದವಳ ಸಂಸಾರ ಏನಾಗಬೇಕು? ಮೇಲಿನ ದರ್ಜೆಗೆ ಸುರಿಯುವ ಹಣದಲ್ಲಿ ಒಂದು ಪಾಲು ಸಾಕು, ನಾಲ್ಕು ತೋಟದವರು ಸೇರಿ ಕೊಯ್ಲಿಗೆ ವ್ಯಾನು ಗೊತ್ತುಮಾಡಲು.

ಮುಂಗಡ ಕೊಡುವ ಮೊದಲು ಗಾಡಿಯನ್ನು ತೋಟಕ್ಕೇ ತರಿಸಿ, ಮಳೆ ಬಿದ್ದ ಮರುದಿನ ಒಮ್ಮೆ ಖಾಲಿಯಾಗಿ, ಒಮ್ಮೆ ನಾಲ್ಕು ಮೂಟೆ ಹೇರಿ ಕಣದವರೆಗೆ ಹತ್ತಿಸಿ ನೋಡಿ. ತರಲು ಒಪ್ಪದಿದ್ದರೆ ಬೇರೆ ಮಾರಾಟಗಾರರನ್ನು ವಿಚಾರಿಸುವುದು.