ಏಕದಂತನ ಕೋರೆ ಯಾತಕ್ಕೆ?

ನಾರ್ವಾಲ್ ಚಿತ್ರ ನೀವು ನೋಡೇ ಇರ್ತೀರಿ. ಮುಖದ ಮುಂದೆ ತಿರುಪು ತಿರುಪಾದ ಉದ್ದನೆ ಕೊಂಬಿರೋ ತಿಮಿಂಗಿಲ. ಮಕ್ಕಳ ಬ್ಯಾಗು, ಕಾಫಿ ಮಗ್ಗು, ಸ್ಟಿಕ್ಕರ್ ಎಲ್ಲದರ ಮೇಲೂ ಈಗ ಅದೇ. ಆದರೆ ಅದು ಕೊಂಬಲ್ಲ, ಹಲ್ಲು. ಮೇಲ್ದವಡೆಯ ಎಡಗಡೆ ಕೋರೆಹಲ್ಲು ತುಟಿಯನ್ನೇ ತೂರಿಕೊಂಡು ಮುಂದಕ್ಕೆ ಬೆಳೆದುಬಿಡುತ್ತದೆ. ನಾಲ್ಕೈದು ಮೀಟರ್ ಮೈಗೆ ಮೂರು ಮೀಟರ್‌ವರೆಗಿನ ಹಲ್ಲು! ಅತ್ತ ಬಾಯೊಳಗೆ ನೋಡಿದರೆ ಅಗಿಯೋಕೆ ಒಂದೂ ಹಲ್ಲಿಲ್ಲ, ಮೀನನ್ನು ಹೀರಿ ಇಡಿಯಾಗಿ ನುಂಗೋದೇ. ಆನೆಯ ದಂತಕ್ಕೂ ನಾವು ಕೋರೆ ಅಂತೀವಿ, ನಿಜಕ್ಕೂ ಅದು ಬಾಚಿಹಲ್ಲು. ಆ ಲೆಕ್ಕದಲ್ಲಿ ಈ ಹೆಸರಿಗೆ ನಾರ್ವಾಲೇ ಸರಿಯಾದ ಹಕ್ಕುದಾರ. ಅದರ ವೈಜ್ಞಾನಿಕ ಹೆಸರು ಮೊನೊಡಾನ್ ಮೊನೊಸೆರಾಸ್, ಅಂದರೆ ಒಂದು ಹಲ್ಲು, ಒಂದು ಕೊಂಬು. ನಾವಾಗಿದ್ದರೆ ಏಕದಂತ ಅಂದು ಮುಗಿಸ್ತಿದ್ವಿ.

ಇಷ್ಟು ದೊಡ್ಡ ಹಲ್ಲು ಯಾತಕ್ಕೆ ಅನ್ನೋದು ಹಳೇ ಪ್ರಶ್ನೆ. ಕೆಲವು ವರ್ಷಕ್ಕೊಮ್ಮೆ "ರಹಸ್ಯ ಬಯಲು" ಅಂತ ಒಂದು ಸುದ್ದಿ ಬರುತ್ತೆ, ಪ್ರತಿ ಸಲ ಬೇರೆ ಬೇರೆ ರಹಸ್ಯ. ನನಗಂತೂ ಈ ತಲೆಬರಹ ನೋಡಿದರೆ ಸ್ವಲ್ಪ ಕಿರಿಕಿರಿ.

2014ರಲ್ಲಿ ಬಂದದ್ದು ಹಾರ್ವರ್ಡ್‌ನ ದಂತವೈದ್ಯ ಮಾರ್ಟಿನ್ ನ್ವೀಯಾ ಮತ್ತು ತಂಡದ ಉತ್ತರ. ಐಸ್‌ಕ್ರೀಮ್ ತಿಂದಾಗ ಹಲ್ಲು ಜುಮ್ ಅನ್ನೋರಿಗೆ ಇದು ಬೇಗ ಅರ್ಥವಾಗುತ್ತೆ. ನಮ್ಮ ಹಲ್ಲಿನ ಮೇಲೆ ಎನಾಮಲ್ ಇದೆ. ಅದು ಸವೆದರೆ ಒಳಗಿನ ಸಣ್ಣ ಸಣ್ಣ ನಾಳಗಳು ತೆರೆದುಕೊಂಡು ತಣ್ಣನೆಯದು ನರಕ್ಕೆ ತಾಗುತ್ತೆ. ನಾರ್ವಾಲ್ ಕೋರೆಗೆ ಎನಾಮಲ್ಲೇ ಇಲ್ಲ. ಸಮುದ್ರದ ನೀರು ಆ ನಾಳಗಳ ಮೂಲಕ ಒಳಗೆ ಹೋಗುತ್ತದೆ. ಜೀವಂತ ನಾರ್ವಾಲ್‌ಗಳ ಕೋರೆಗೆ ಒಮ್ಮೆ ಉಪ್ಪುನೀರು, ಒಮ್ಮೆ ಸಿಹಿನೀರು ತಾಗಿಸಿ ನೋಡಿದಾಗ ಎದೆಬಡಿತ ಬದಲಾಯಿತು. ನೀರು ಹೆಪ್ಪುಗಟ್ಟುವಾಗ ಉಪ್ಪನ್ನು ಹೊರಗೆ ತಳ್ಳುತ್ತೆ, ಕೆಳಗಿನ ಸಮುದ್ರ ಇನ್ನಷ್ಟು ಉಪ್ಪಾಗುತ್ತೆ. ಉಸಿರಿಗೆ ಮೇಲೆ ಬರಲೇಬೇಕಾದ ಪ್ರಾಣಿಗೆ ಮಂಜುಗಡ್ಡೆ ಕಟ್ಟುತ್ತಿದೆ ಅನ್ನೋ ಸೂಚನೆ ಸಿಕ್ಕರೆ ಅದು ಜೀವ ಉಳಿಸೋ ವಿಷಯವೇ.

2017ರಲ್ಲಿ ಕೆನಡಾದ ನುನಾವುಟ್‌ನಿಂದ ಡ್ರೋನ್ ವಿಡಿಯೊ ಬಂತು. ನಾರ್ವಾಲ್ ಕೋರೆಯಿಂದ ಮೀನಿಗೆ ಪಟ್ಟನೆ ಒಂದೇಟು ಕೊಡುತ್ತೆ, ಮೀನು ತತ್ತರಿಸಿದಾಗ ನುಂಗುತ್ತೆ. ಸರಿ, ಬೇಟೆಗೆ ಅಂತ ಎಲ್ಲರೂ ಬರೆದರು.

ಎರಡೂ ಚೆನ್ನಾಗಿವೆ. ಆದರೆ ಇಲ್ಲಿ ಯಾರೂ ಹೆಣ್ಣು ನಾರ್ವಾಲ್‌ನ ಮಾತೇ ಎತ್ತೋದಿಲ್ಲವಲ್ಲ! ನೂರು ಹೆಣ್ಣುಗಳಲ್ಲಿ ಸುಮಾರು 15ಕ್ಕೆ ಮಾತ್ರ ಕೋರೆ, ಅದೂ ಸಾಮಾನ್ಯವಾಗಿ ಚಿಕ್ಕದು. ಮಿಕ್ಕವು ಅದೇ ಮಂಜುಗಡ್ಡೆಯ ಕೆಳಗೆ ಇರುತ್ತವೆ, ಅದೇ ಕತ್ತಲಲ್ಲಿ ಸಾವಿರ ಮೀಟರ್‌ಗೂ ಆಳಕ್ಕೆ ಮುಳುಗಿ ಮೀನು ಹಿಡಿಯುತ್ತವೆ, ಮರಿಯನ್ನೂ ಸಾಕುತ್ತವೆ. ಉಪ್ಪು ತಿಳಿಯೋಕೆ, ಊಟ ಹಿಡಿಯೋಕೆ ಕೋರೆ ಬೇಕೇಬೇಕಿದ್ದರೆ ಅತಿ ಹೆಚ್ಚು ಬೇಕಾಗಿದ್ದದ್ದು ಬಸುರಿ, ಬಾಣಂತಿಗೆ ತಾನೇ?

ಹಾಗಾಗಿ ನನ್ನ ಓಟು 2020ರ ಉತ್ತರಕ್ಕೆ. 35 ವರ್ಷಗಳಲ್ಲಿ ಸಂಗ್ರಹವಾದ 245 ಗಂಡುಗಳ ಅಳತೆಯನ್ನು ಆ ಸಂಶೋಧಕರು ನೋಡಿದರು. ಈಜಲು ಬೇಕಾದ ಬಾಲದ ಅಗಲ ಮೈಗೆ ತಕ್ಕಷ್ಟೇ ಇರುತ್ತೆ. ಕೋರೆ ಹಾಗಲ್ಲ: ಒಂದೇ ಗಾತ್ರದ ಗಂಡುಗಳಲ್ಲೂ ವಿಪರೀತ ಹೆಚ್ಚುಕಮ್ಮಿ, ಭಾರೀ ಮೈಯವಕ್ಕೆ ಮೈಯ ಲೆಕ್ಕಕ್ಕೂ ಮೀರಿದ ಉದ್ದ. ನವಿಲಿನ ಗರಿ, ಕಡವೆಯ ಕೊಂಬಿನ ಸಾಲಿಗೆ ಸೇರಿದ್ದು. ಮೈಯಲ್ಲಿ ಕಸುವಿದೆ ಅಂತ ಹೆಣ್ಣಿಗೂ ಎದುರಾಳಿಗೂ ಸಾರುವ ಫಲಕ. ಒಮ್ಮೊಮ್ಮೆ ಕಾದಾಟಕ್ಕೂ ಬರುತ್ತೆ. ಗಂಡುಗಳ ತಲೆಯ ಮೇಲಿನ ಗಾಯದ ಕಲೆಗಳು, ಮುರಿದ ಕೋರೆಗಳು ಅದಕ್ಕೆ ಸಾಕ್ಷಿ.

ಉಪಯೋಗ ಬೇರೆ, ಹುಟ್ಟಿದ ಕಾರಣ ಬೇರೆ. ಲಟ್ಟಣಿಗೆಯಿಂದ ಜಿರಲೆ ಹೊಡೆದ ಮಾತ್ರಕ್ಕೆ ಲಟ್ಟಣಿಗೆ ಬಂದಿದ್ದೇ ಜಿರಲೆಗಾಗಿ ಅನ್ನೋಕಾಗುತ್ತಾ? 2019ರಲ್ಲಿ ಲಂಡನ್ ಬ್ರಿಡ್ಜ್ ಬಳಿ ಚಾಕು ಹಿಡಿದ ದಾಳಿಕೋರನನ್ನು ಒಬ್ಬಾತ ತಡೆದದ್ದು ಗೋಡೆಗೆ ತೂಗುಹಾಕಿದ್ದ ನಾರ್ವಾಲ್ ಕೋರೆಯಿಂದ! ಅದೂ ಉಪಯೋಗವೇ.

ನಾವು ಮನುಷ್ಯರು ಇದಕ್ಕೆ ಕಟ್ಟಿದ ಉಪಯೋಗಗಳಂತೂ ಇನ್ನೂ ವಿಚಿತ್ರ. ಯುರೋಪಿನಲ್ಲಿ ಶತಮಾನಗಳ ಕಾಲ ಇದನ್ನೇ ಯೂನಿಕಾರ್ನ್ ಕೊಂಬು, ವಿಷಕ್ಕೆ ಮದ್ದು ಅಂತ ಹೇಳಿ ಮಾರಿದರು. ಇದು ಸಮುದ್ರದ ಪ್ರಾಣಿಯ ಹಲ್ಲು ಅಂತ 1638ರಲ್ಲೇ ಡೆನ್ಮಾರ್ಕ್‌ನ ವೈದ್ಯ ಓಲೆ ವರ್ಮ್ ತೋರಿಸಿಕೊಟ್ಟ. ಆಮೇಲೂ ಅದೇ ದೇಶದ ರಾಜ ಇದೇ ಕೋರೆಗಳಿಂದ ಸಿಂಹಾಸನ ಮಾಡಿಸಿದ. ಅದು ಇವತ್ತಿಗೂ ಕೋಪನ್‌ಹೇಗನ್‌ನ ರೋಸೆನ್‌ಬೋರ್ಗ್ ಅರಮನೆಯಲ್ಲಿದೆ.

ನನಗೆ ಹಿಡಿಸಿದ ಉಪಯೋಗ ಈಚೆಗಿನದು. ಮರದ ಉಂಗುರದ ಹಾಗೆ ಕೋರೆಯಲ್ಲಿ ವರ್ಷಕ್ಕೊಂದು ಪದರ ಕೂಡುತ್ತೆ. 2021ರಲ್ಲಿ ವಿಜ್ಞಾನಿಗಳು ವಾಯವ್ಯ ಗ್ರೀನ್‌ಲ್ಯಾಂಡಿನ ಹತ್ತು ಕೋರೆಗಳನ್ನು ಸೀಳಿ, 1962ರಿಂದ 2010ರವರೆಗಿನ ಪದರಗಳನ್ನು ಓದಿದರು. 1990ರ ಸುಮಾರಿಗೆ ಸಮುದ್ರದ ಮಂಜುಗಡ್ಡೆ ಕರಗುತ್ತಾ ಬಂದಂತೆ ಊಟ ಬದಲಾಗಿದೆ. 2000ದಿಂದ ಈಚಿನ ಪದರಗಳಲ್ಲಿ ಪಾದರಸ ಏರುತ್ತಾ ಹೋಗಿದೆ, ತಿಂದ ಮೀನಿನ ಲೆಕ್ಕಕ್ಕೂ ಮೀರಿ.