ನಮ್ಮ ಸಿಟ್ಟಿಗೆ ಗಿರಾಕಿ ಯಾರು?

‘ಏನ್ ಕೇಳಲತ್ತಿಯೋ ತಮ್ಮಾ, ಯಾಕ ಹಂಗ ಒದರಲತ್ತಾರ ಅವ್ರು?’ ಕಲಬುರಗಿ ಕಡೆ ಹೆವಿ ಮೆಟಲ್ ಕೇಳುವ ಹುಡುಗರಿಗೆ ಮನೆಯಲ್ಲಿ ಈ ಪ್ರಶ್ನೆ ಹೊಸದಲ್ಲ. ಪ್ರಶ್ನೆ ಸರಿಯಾಗಿಯೇ ಇದೆ. ಅವರು ಯಾಕೆ ಒದರುತ್ತಿದ್ದಾರೆ ಎಂದು ಕೇಳುವ ನಾವೂ ಯೋಚಿಸುವುದು ಕಡಿಮೆ. ಗಿಟಾರ್ ಜೋರಾಗಿರಬೇಕು, ಡ್ರಮ್ ಎದೆಗೆ ಗುದ್ದಬೇಕು, ಅಷ್ಟೇ. ಆದರೆ ಇದೇ ಸಂಗೀತದಲ್ಲಿ ನಾಟಕದ ಹಾಗೆ ಕಥೆ ಕಟ್ಟಿ, ಆ ಕಥೆಯೊಳಗೆ ಸಮಾಜವನ್ನು ಲೇವಡಿ ಮಾಡುವ ದಾರಿಯೂ ಇದೆ. ಇಡೀ ಆಲ್ಬಂಗೆ ಒಂದೇ ಕಥೆ, ಒಂದೊಂದು ಹಾಡೂ ಒಂದೊಂದು ದೃಶ್ಯ. ಇದನ್ನು ಕಾನ್ಸೆಪ್ಟ್ ಆಲ್ಬಂ ಎನ್ನುತ್ತಾರೆ. ಕೆಲಸ ಹುಡುಕುವ ವಯಸ್ಸಿನಲ್ಲಿರುವವರು ಇಂಥದ್ದೊಂದನ್ನು ಪೂರ್ತಿಯಾಗಿ ಕೇಳಲೇಬೇಕು ಎನ್ನುವುದು ನನ್ನ ವಾದ.

ಉದಾಹರಣೆಗೆ, ಅಮೆರಿಕದ ಕ್ವೀನ್ಸ್‌ರೈಕ್ ತಂಡ 1988ರಲ್ಲಿ ಹೊರತಂದ ‘ಆಪರೇಷನ್: ಮೈಂಡ್‌ಕ್ರೈಮ್’. ಒಟ್ಟು 15 ಟ್ರ್ಯಾಕ್, ಹೆಚ್ಚುಕಡಿಮೆ ಒಂದು ಗಂಟೆ. ಕಮಲಾಪುರದಲ್ಲಿ ಬಸ್ ಹತ್ತಿ ಇಯರ್‌ಫೋನ್ ಹಾಕಿಕೊಂಡರೆ ಕಲಬುರಗಿ ತಲುಪುವಷ್ಟರಲ್ಲಿ ಕಥೆ ಮುಗಿಯುತ್ತದೆ. ನಾಯಕನ ಹೆಸರು ನಿಕ್ಕಿ. ಮಾದಕ ವಸ್ತುವಿನ ಚಟಕ್ಕೆ ಬಿದ್ದ, ವ್ಯವಸ್ಥೆಯ ಮೇಲೆ ಸಿಟ್ಟು ತುಂಬಿಕೊಂಡ ಯುವಕ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ನಡೆದದ್ದನ್ನೆಲ್ಲ ನೆನಪು ಮಾಡಿಕೊಳ್ಳುತ್ತಾನೆ. ಕ್ರಾಂತಿ ಮಾಡೋಣ ಬಾ ಎಂದು ಕರೆದವನು ಡಾಕ್ಟರ್ ಎಕ್ಸ್. ಫೋನಿನಲ್ಲಿ ಒಂದೇ ಒಂದು ಪದ ಹೇಳಿದರೆ ಸಾಕು, ನಿಕ್ಕಿ ಹೋಗಿ ಕೊಲೆ ಮಾಡಿ ಬರುತ್ತಾನೆ. ಅವನಿಗೆ ಆಸರೆಯಾಗುವವಳು ಮೇರಿ ಎಂಬ ಸನ್ಯಾಸಿನಿ. ಕೊನೆಗೆ ಅವಳನ್ನೂ ಮುಗಿಸು ಎಂಬ ಆದೇಶ ಬರುತ್ತದೆ. ಅವನಿಂದ ಅದು ಆಗುವುದಿಲ್ಲ. ಆದರೂ ಅವಳು ಹೆಣವಾಗಿ ಸಿಗುತ್ತಾಳೆ, ಅವನು ಪೊಲೀಸರ ಕೈಗೆ ಸಿಗುತ್ತಾನೆ. ಡಾಕ್ಟರ್ ಎಕ್ಸ್ ಮಾತ್ರ ಯಾರ ಕೈಗೂ ಸಿಗುವುದಿಲ್ಲ.

ಇದು ಬರೀ ಹಾಡಿನ ಸರಮಾಲೆಯಲ್ಲ. ನರ್ಸ್‌ನ ದನಿ ಕೇಳುತ್ತದೆ, ಫೋನ್ ರಿಂಗಾಗುತ್ತದೆ, ಮೇರಿಯ ಪಾತ್ರವನ್ನು ಪಮೇಲಾ ಮೂರ್ ಎಂಬ ಗಾಯಕಿ ಹಾಡಿದ್ದಾರೆ. ಕಣ್ಣು ಮುಚ್ಚಿದರೆ ರಂಗಮಂದಿರದಲ್ಲಿ ಕೂತ ಹಾಗಾಗುತ್ತದೆ.

ಇದರ ವಿಡಂಬನೆಗೆ ಎರಡು ಅಲಗು. ಒಂದು ಕಡೆ ರಾಜಕಾರಣಿಗಳು, ಹಣ, ಧರ್ಮದ ಹೆಸರಿನ ವ್ಯಾಪಾರ ಎಲ್ಲವನ್ನೂ ಗೇಲಿ ಮಾಡುತ್ತದೆ. ಇನ್ನೊಂದು ಕಡೆ, ಇವುಗಳ ವಿರುದ್ಧ ಗುಡುಗುವ ಕ್ರಾಂತಿಕಾರಿಯನ್ನೂ ಬಿಡುವುದಿಲ್ಲ. ಅವನಿಗೂ ಬೇಕಾಗಿದ್ದು ನ್ಯಾಯವಲ್ಲ, ಹೇಳಿದ್ದು ಕೇಳುವ ಒಬ್ಬ ಸಿಟ್ಟಿನ ಹುಡುಗ. ನಿಕ್ಕಿಯ ಸಿಟ್ಟು ಸುಳ್ಳಲ್ಲ. ಆದರೆ ಆ ಸಿಟ್ಟಿನ ಯಜಮಾನ ಅವನಲ್ಲ.

ಇದು ನಮಗೇಕೆ ಬೇಕು? 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯನ್ನು ಕಲಬುರಗಿಯಲ್ಲಿ ಯಾರೂ ಮರೆತಿಲ್ಲ. ಅಕ್ರಮದ ವಿಷಯ ದೊಡ್ಡದಾಗಿ ಸಿಡಿದದ್ದೇ ನಮ್ಮ ಊರಿನ ಪರೀಕ್ಷಾ ಕೇಂದ್ರವೊಂದರಿಂದ. 2022ರಲ್ಲಿ ಪರೀಕ್ಷೆ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದರು. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಇಂಥ ಸಿಟ್ಟು ಬಾಡಿಗೆ ಕೋಣೆಗಳಲ್ಲಿ, ಚಹಾದ ಅಂಗಡಿಗಳಲ್ಲಿ ಖಾಲಿ ಕೂತಿರುವಾಗ ಗಿರಾಕಿಗಳು ಬರುತ್ತಾರೆ. ಒಬ್ಬ ‘ನನಗ ಮ್ಯಾಲಿನವರು ಗೊತ್ತದಾರ, ಸೀಟ್ ಮಾಡಿಸ್ತೀನಿ’ ಎನ್ನುತ್ತಾನೆ. ಇನ್ನೊಬ್ಬ ಬೈಕಿಗೆ ಪೆಟ್ರೋಲ್ ಹಾಕಿಸಿ, ಕೈಗೆ ಬಾವುಟ ಕೊಟ್ಟು, ಯಾರಿಗೆ ಧಿಕ್ಕಾರ ಕೂಗಬೇಕೆಂದು ಹೇಳಿಕೊಡುತ್ತಾನೆ. ಕೇಸ್ ಬಿದ್ದಾಗ ಠಾಣೆಯಲ್ಲಿ ನಿಲ್ಲುವವರು ನಾವು. ಡಾಕ್ಟರ್ ಎಕ್ಸ್‌ನನ್ನು ಒಮ್ಮೆ ಹಾಡಿನಲ್ಲಿ ಕಂಡವನಿಗೆ ಊರಿನಲ್ಲಿ ಅವನ ಗುರುತು ಹಿಡಿಯುವುದು ಸ್ವಲ್ಪ ಸುಲಭ.

‘ಇದು ನಮ್ಮ ಸಂಸ್ಕೃತಿಯಲ್ಲ’ ಎನ್ನುವವರಿದ್ದಾರೆ. ನಮ್ಮ ದೊಡ್ಡಾಟವನ್ನೇ ನೋಡಿ. ರಾಜ ಗತ್ತಿನಲ್ಲಿ ಕುಣಿಯುತ್ತಾ ರಂಗಕ್ಕೆ ಬಂದರೆ ಸಾರಥಿ ಎದುರು ನಿಂತು ‘ನೀನು ಯಾರು’ ಎಂದು ಕೇಳುತ್ತಾನೆ. ವಿಡಂಬನೆ ಅಲ್ಲಿಂದಲೇ ಶುರು. ಚಂದ್ರಶೇಖರ ಕಂಬಾರರು ಬಯಲಾಟದ ಧಾಟಿಯಲ್ಲೇ ‘ಜೋಕುಮಾರಸ್ವಾಮಿ’ ಬರೆದು ಗೌಡಿಕೆಯ ದರ್ಪವನ್ನು ನಗೆಗೀಡು ಮಾಡಿದರು. ಹಾಡಿನಲ್ಲಿ ಕಥೆ, ಅಬ್ಬರದ ವೇಷ, ದೊಡ್ಡವರ ಲೇವಡಿ, ಇವೆಲ್ಲ ನಮ್ಮಲ್ಲಿ ಮೊದಲಿನಿಂದಲೂ ಇವೆ. ಇನ್ನು ವಾದ್ಯ ಹೊರಗಿನದು ಎನ್ನುವುದಾದರೆ, ಶ್ರೀಕೃಷ್ಣ ಪಾರಿಜಾತದ ಹಿಮ್ಮೇಳದಲ್ಲಿರುವ ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದದ್ದೇ.

ಆ ಆಲ್ಬಂನಲ್ಲಿ ಕೊರತೆ ಇಲ್ಲವೆಂದಲ್ಲ. ಮೇರಿ ಬರುವುದೇ ಸಾಯುವುದಕ್ಕೆ ಎನ್ನುವಂತಿದೆ. ಅವಳ ಸಿಟ್ಟು ಏನು, ಅವಳಿಗೆ ಏನು ಬೇಕಿತ್ತು ಎಂದು ಕಥೆ ಹೆಚ್ಚು ಕೇಳುವುದಿಲ್ಲ. ಕನ್ನಡದಲ್ಲಿ ಮಾಡುವಾಗ ಇದನ್ನು ತಿದ್ದಿಕೊಳ್ಳಬಹುದು.

ಹೌದು, ಕನ್ನಡದಲ್ಲಿ ಮಾಡಬೇಕು. ಬೆಂಗಳೂರಿಗೆ ಮೆಟಲ್ ಹೊಸದಲ್ಲ. ಅಲ್ಲಿನ ಕ್ರಿಪ್ಟಾಸ್ ತಂಡ 1998ರಿಂದ ಇದೆ, ಹಾಡುವುದು ಇಂಗ್ಲಿಷಿನಲ್ಲಿ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನದಲ್ಲಿ ಹಾಡಿ ಹೋದವು. ದೆಹಲಿಯ ಬ್ಲಡಿವುಡ್ ತಂಡ ಮೆಟಲ್‌ಗೆ ಹಿಂದಿ, ಪಂಜಾಬಿ ಸೇರಿಸಿ ಹೊರದೇಶಗಳ ವೇದಿಕೆ ಹತ್ತಿದೆ. ಹಾಗಿರುವಾಗ ಕಲಬುರಗಿಯ ಮಾತಿಗೇನು ಕಡಿಮೆ? ನಾಯಕಿ, ಪರೀಕ್ಷೆಗೆ ಓದುತ್ತಿರುವ ಕಮಲಾಪುರದ ಹುಡುಗಿ. ಖಳನಾಯಕ, ನೂರು ಜನರಿಗೆ ಒಂದೇ ರಾಗದಲ್ಲಿ ‘ಚಿಂತಿ ಮಾಡಬ್ಯಾಡ, ನಾ ಅದೀನಿ’ ಎನ್ನುವ ಒಬ್ಬ ‘ಸರ್’. ಮೇಳದಲ್ಲಿ, ಮಕ್ಕಳ ನೌಕರಿಗಾಗಿ ಹೊಲ ಮಾರಿದ ಅಪ್ಪಂದಿರು. ನಡುವೆ ಸಾರಥಿ ಬಂದು ಎಲ್ಲರನ್ನೂ ‘ನೀನು ಯಾರು’ ಎಂದು ಕೇಳಬೇಕು.

ಕಾಲೇಜು ಫೆಸ್ಟ್‌ಗಳಲ್ಲಿ ಪ್ರತಿ ವರ್ಷ ಅದೇ ಸಿನಿಮಾ ಹಾಡುಗಳನ್ನು ನುಡಿಸುವ ತಂಡಗಳು ಅರ್ಧ ಗಂಟೆಯ ಇಂಥದ್ದೊಂದು ಪ್ರಯೋಗ ಮಾಡಲಿ. ಗಿಟಾರ್ ಬಲ್ಲವರು, ಸಾಹಿತ್ಯ ಬರೆಯುವವರು, ನಾಟಕ ಆಡುವವರು ಒಂದೇ ಕ್ಯಾಂಪಸ್ಸಿನಲ್ಲಿದ್ದಾರೆ. ಇದರಿಂದ ನೌಕರಿ ಸಿಗುವುದಿಲ್ಲ, ನಿಜ. ಆದರೆ ನೌಕರಿ ಸಿಗುವವರೆಗೆ ನಮ್ಮ ಸಿಟ್ಟನ್ನು ಇನ್ನೊಬ್ಬರ ಕೈಗೆ ಕೊಡದೆ ನಮ್ಮ ಬಳಿಯೇ ಇಟ್ಟುಕೊಳ್ಳುವುದನ್ನು ಕಲಿಯಬಹುದು.