ಹೆಣ್ಮಕ್ಕಳ ಹೆಗಲ ನೋವಿಗೂ ಶಿಬಿರದಲ್ಲೊಂದು ಮೇಜು ಇರಲಿ

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿ ಮುಂಬಯಿ ಪರಿಸರದ ಕನ್ನಡ ಸಂಘ-ಸಂಸ್ಥೆಗಳು ಉಚಿತ ವೈದ್ಯಕೀಯ ತಪಾಸಣಾ ಶಿಬಿರ ಏರ್ಪಡಿಸುವುದು ಹೊಸತೇನಲ್ಲ. ರಕ್ತದೊತ್ತಡ, ಮಧುಮೇಹ, ಕಣ್ಣು, ಹಲ್ಲು, ಹಿರಿಯರ ಮೊಣಕಾಲು ನೋವು, ಹೀಗೆ ಒಂದೊಂದಕ್ಕೂ ಅಲ್ಲಿ ಒಂದು ಮೇಜು ಇರುತ್ತದೆ. ಹೆತ್ತವರು ಸಾಲಿನಲ್ಲಿ ನಿಂತಿರುತ್ತಾರೆ. ಹೆಸರು ಬರೆದುಕೊಳ್ಳುವ, ಚಹಾ ಹಂಚುವ ಕೆಲಸ ಯುವ ವಿಭಾಗದ ಹುಡುಗಿಯರದು. ಅವರಲ್ಲೊಬ್ಬಳು ಆಗಾಗ ಕೈ ಹಿಂದೆ ಚಾಚಿ ತನ್ನ ಹೆಗಲನ್ನು ತಾನೇ ಒತ್ತಿಕೊಳ್ಳುತ್ತಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ. ಇಪ್ಪತ್ತರ ಪ್ರಾಯದವಳಿಗೆ ಎಂಥ ನೋವು ಎಂಬುದೇ ಎಲ್ಲರ ಭಾವನೆ.

ಚಿಕ್ಕಂದಿನಲ್ಲಿ ಇದೇ ಹುಡುಗಿ ಹೆಬ್ಬೆರಳನ್ನು ಮಡಚಿ ಮುಂಗೈಗೆ ತಾಗಿಸಿ ನೆರೆಹೊರೆಯವರನ್ನು ನಗಿಸಿದವಳು. ಭರತನಾಟ್ಯ ತರಗತಿಯಲ್ಲಿ, ಯೋಗಾಸನ ಸ್ಪರ್ಧೆಯಲ್ಲಿ 'ರಬ್ಬರ್ ಗೊಂಬೆಯ ಹಾಗೆ ಬಾಗುತ್ತಾಳೆ' ಎಂಬ ಹೊಗಳಿಕೆ ಅವಳಿಗೆ ಸಿಕ್ಕಿದೆ. ಅಂದಿನ ಹೊಗಳಿಕೆಗೂ ಇಂದಿನ ನೋವಿಗೂ ಸಂಬಂಧ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಎಲುಬುಗಳನ್ನು ಕೀಲಿನಲ್ಲಿ ಬಿಗಿದಿಡುವ ಲಿಗಮೆಂಟ್‌ಗಳು ಕೆಲವರಲ್ಲಿ ಹುಟ್ಟಿನಿಂದಲೇ ಸಡಿಲ. ಕೀಲು ಬೇಕಾದುದಕ್ಕಿಂತ ಹೆಚ್ಚು ಬಾಗುತ್ತದೆ. ಇದಕ್ಕೆ ವೈದ್ಯರು ಹೈಪರ್‌ಮೊಬಿಲಿಟಿ ಎನ್ನುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ, ಹಿರಿಯರಿಗಿಂತ ಮಕ್ಕಳಲ್ಲಿ ಇದು ಹೆಚ್ಚು. ಎಷ್ಟೋ ಸಲ ತಾಯಿಯಿಂದ ಮಗಳಿಗೆ ಬರುವುದೂ ಉಂಟು. ಮುಂಬಯಿಯ ಮಕ್ಕಳ ತಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪರೀಕ್ಷಿಸಿದ 800ಕ್ಕೂ ಮಿಕ್ಕಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಕೀಲುಗಳು ಸಡಿಲವಾಗಿದ್ದವು. ಅಂದರೆ ಸಡಿಲತೆಯೇ ಒಂದು ರೋಗವೆಂದು ಗಾಬರಿಯಾಗುವ ಅಗತ್ಯವಿಲ್ಲ. ಅದರ ಜತೆ ನೋವು ಸೇರಿಕೊಂಡಾಗಲೇ ಚಿಂತಿಸಬೇಕಾದುದು.

ಇದನ್ನು ತಿಳಿಯಲು ಪೀಟರ್ ಬೇಟನ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ 9 ಅಂಕಗಳ ಸರಳ ಪರೀಕ್ಷೆಯೊಂದಿದೆ. ಕಿರುಬೆರಳು ಹಿಂದಕ್ಕೆ ನೇರ ಕೋನವನ್ನು ಮೀರಿ ಬಾಗುವುದು, ಹೆಬ್ಬೆರಳು ಮುಂಗೈಗೆ ತಾಗುವುದು, ಮೊಣಕೈ ಮತ್ತು ಮೊಣಕಾಲು 10 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಬಾಗುವುದು, ಇವಕ್ಕೆ ಎಡ-ಬಲ ಎರಡೂ ಸೇರಿ 8 ಅಂಕ. ಮೊಣಕಾಲು ಮಡಚದೆ ಅಂಗೈಗಳನ್ನು ನೆಲಕ್ಕೆ ಊರಿದರೆ ಇನ್ನೊಂದು. ಪ್ರಾಯಕ್ಕೆ ಬಂದವರಲ್ಲಿ 5 ಅಥವಾ ಹೆಚ್ಚು ಅಂಕ ಬಂದರೆ ಕೀಲುಗಳು ಸಡಿಲವೆಂದು ಲೆಕ್ಕ. ಗಮನಿಸಬೇಕಾದ ಸಂಗತಿಯೆಂದರೆ, ಈ ಒಂಬತ್ತರಲ್ಲಿ ಭುಜದ ಪರೀಕ್ಷೆಯೇ ಇಲ್ಲ. ಅಂಕ ಕಡಿಮೆ ಬಂದ ಹುಡುಗಿಯ ಭುಜವೂ ಸಡಿಲವಿರಬಹುದು.

ಬೆನ್ನ ಮೇಲ್ಭಾಗದಲ್ಲಿ ಎರಡು ಬದಿಗೂ ಇರುವ ಹಲಗೆಯಂಥ ಹೆಗಲೆಲುಬು ಮುಂಡದ ಎಲುಬುಗಳಿಗೆ ಕೂಡಿಕೊಂಡಿರುವುದು ಕೊರಳೆಲುಬಿನ ಮೂಲಕ ಮಾತ್ರ. ಉಳಿದಂತೆ ಅದನ್ನು ಪಕ್ಕೆಲುಬಿನ ಮೇಲೆ ಹಿಡಿದು ನಿಲ್ಲಿಸುವುದು ಸ್ನಾಯುಗಳು. ಲಿಗಮೆಂಟ್ ಸಡಿಲವಿದ್ದವರಲ್ಲಿ ಈ ಸ್ನಾಯುಗಳಿಗೆ ದುಪ್ಪಟ್ಟು ದುಡಿಮೆ. ಅವು ದಣಿದಾಗ ಹೆಗಲು ಮುಂದಕ್ಕೆ ಜಾರುತ್ತದೆ, ಹಲಗೆಯ ಅಂಚು ರೆಕ್ಕೆಯಂತೆ ಹೊರಗೆ ಏಳುತ್ತದೆ, ಕುತ್ತಿಗೆಯ ಸ್ನಾಯುಗಳು ಬಿಗಿಯುತ್ತವೆ. ಡೊಂಬಿವಲಿಯಿಂದ ಬೆಳಗಿನ ಲೋಕಲ್‌ನಲ್ಲಿ ಒಂದು ಕೈಯಿಂದ ಮೇಲಿನ ಹಿಡಿಕೆಗೆ ಜೋತು, ಇನ್ನೊಂದು ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ ಹೊತ್ತು ನಿಂತು, ಐರೋಲಿಯ ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ಬರುವವಳ ಹೆಗಲು ಸಂಜೆಗೆ ಏನಾಗಿರಬೇಡ!

ಮನೆಗೆ ಬಂದರೆ ಕೇಳುವ ಮಾತು ಒಂದೇ: 'ಸರಿಯಾಗಿ ಕೂತ್ಕೊ ಮಾರಾಯ್ತಿ, ಗೂನು ಬೆನ್ನಾದೀತು.' ಹುಡುಗಿ ಎದೆ ಸೆಟೆಸಿ ಕೂರುತ್ತಾಳೆ. ಐದೇ ನಿಮಿಷದಲ್ಲಿ ಹೆಗಲು ಮತ್ತೆ ಜಾರುತ್ತದೆ. ಇದು ಸೋಮಾರಿತನವೂ ಅಲ್ಲ, ಮೊಬೈಲಿನ ಚಟವೊಂದೇ ಕಾರಣವೂ ಅಲ್ಲ. ಗದರಿಸಿದರೆ ಸ್ನಾಯುವಿಗೆ ಬಲ ಬರುವುದಿಲ್ಲ. ಇನ್ನು ಕೆಲವರು ನೋವೆಂದರೆ ಮತ್ತಷ್ಟು ಎಳೆದು ಬಾಗಿಸಲು ಹೇಳುತ್ತಾರೆ. ಮೊದಲೇ ಸಡಿಲವಿರುವ ಕೀಲನ್ನು ಇನ್ನೂ ಎಳೆದರೆ ನೋವು ಹೆಚ್ಚೀತೇ ಹೊರತು ಕಡಿಮೆಯಾಗದು.

ಬೇಕಾದುದು ಬಲ. ಡೆನ್ಮಾರ್ಕ್‌ನಲ್ಲಿ ಸಡಿಲ ಭುಜದ ನೋವಿದ್ದ 100 ಮಂದಿಗೆ 16 ವಾರ ವ್ಯಾಯಾಮ ಕೊಟ್ಟು ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ತಜ್ಞರ ಮೇಲ್ವಿಚಾರಣೆಯಲ್ಲಿ ಹಂತಹಂತವಾಗಿ ಭಾರ ಹೆಚ್ಚಿಸುತ್ತ ವ್ಯಾಯಾಮ ಮಾಡಿದವರಿಗೆ, ಹಗುರ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಪ್ರಯೋಜನವಾಗಿತ್ತು. ಹಾಗೆಂದು ಮನೆಯಲ್ಲೇ ಭಾರ ಎತ್ತಲು ತೊಡಗುವುದು ಬೇಡ. ಮೊದಲು ಫಿಸಿಯೋಥೆರಪಿಸ್ಟರು ನೋಡಲಿ. ಭುಜ ಪದೇಪದೇ ಜಾರುತ್ತಿದ್ದರೆ, ಕೈ ಮರಗಟ್ಟುತ್ತಿದ್ದರೆ, ಒಂದೇ ಬದಿಯ ಹಲಗೆ ಹಠಾತ್ತನೆ ಎದ್ದು ಕಂಡರೆ, ಬಾಗಿದಾಗ ಬೆನ್ನಿನ ಒಂದು ಬದಿ ಉಬ್ಬಿದರೆ ವೈದ್ಯರಲ್ಲಿಗೆ ಹೋಗಲೇಬೇಕು. ನೃತ್ಯ ನಿಲ್ಲಿಸಬೇಕೆಂದೇನೂ ಇಲ್ಲ. ಎಷ್ಟು ಬಾಗುತ್ತಾಳೆ ಎಂಬುದರ ಜತೆ ಆ ಭಂಗಿಯಲ್ಲಿ ಎಷ್ಟು ಸ್ಥಿರವಾಗಿ ನಿಲ್ಲುತ್ತಾಳೆ ಎಂಬುದನ್ನೂ ಗುರುಗಳು ಗಮನಿಸಿದರೆ ಸಾಕು.

ನೋವು ಮುಚ್ಚಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಮದುವೆ ಪ್ರಸ್ತಾಪದ ಹೊತ್ತಿಗೆ 'ಹುಡುಗಿಗೆ ಗಂಟುನೋವಂತೆ' ಎಂಬ ಮಾತು ಜಾತಿಬಾಂಧವರಲ್ಲಿ ಹಬ್ಬಬಾರದೆಂಬ ಅಂಜಿಕೆ. ಹೀಗಾಗಿ ನೋವಿನ ಮುಲಾಮು, ಗುಳಿಗೆಗಳಲ್ಲೇ ವರ್ಷಗಳು ಕಳೆಯುತ್ತವೆ. ಮಗುವನ್ನು ಎತ್ತಿಕೊಳ್ಳುವ ಕಾಲ ಬಂದಾಗ ಆ ಹೆಗಲಿಗೆ ಶಕ್ತಿಯೇ ಇರುವುದಿಲ್ಲ. ಮಗಳ ಒಳಿತಿಗೆಂದು ಮುಚ್ಚಿಟ್ಟದ್ದು ಅವಳಿಗೇ ಭಾರವಾಗುತ್ತದೆ.

ಇಲ್ಲಿ ಸಂಘಗಳು ಮಾಡಬಹುದಾದ ಕೆಲಸ ದೊಡ್ಡ ಖರ್ಚಿನದಲ್ಲ. ನೆರೂಲ್‌ನ ಡಿ.ವೈ. ಪಾಟೀಲ್, ಕಾಮೋಠೆಯ ಎಂಜಿಎಂ ಸಂಸ್ಥೆಗಳಲ್ಲಿ ಫಿಸಿಯೋಥೆರಪಿ ಕಾಲೇಜುಗಳಿವೆ. ನಮ್ಮವರದೇ ಮಕ್ಕಳು ಈ ವಿದ್ಯೆ ಕಲಿತು ವೃತ್ತಿಯಲ್ಲಿದ್ದಾರೆ. ಮುಂದಿನ ಶಿಬಿರದಲ್ಲಿ ಪರದೆಯ ಮರೆಯಲ್ಲಿ ಒಂದು ಮೇಜು, ಒಬ್ಬ ಮಹಿಳಾ ಫಿಸಿಯೋಥೆರಪಿಸ್ಟ್, ಅಷ್ಟು ಸಾಕು. ಮಹಿಳಾ ವಿಭಾಗದವರು ಮುಂದೆ ನಿಂತರೆ ಹುಡುಗಿಯರು ಸಂಕೋಚ ಬಿಟ್ಟು ಬರುತ್ತಾರೆ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಂತೆ ಸಂಘಗಳೇ ನಡೆಸುವ ಶಾಲೆಗಳಲ್ಲೂ ನೃತ್ಯ ತರಗತಿಗಳಲ್ಲೂ ವರ್ಷಕ್ಕೊಮ್ಮೆ ಈ ತಪಾಸಣೆ ನಡೆಯಬಹುದು.

ಸಂಘದ ವೇದಿಕೆಯಲ್ಲಿ ಕುಣಿಯಲು, ಅತಿಥಿಗಳಿಗೆ ಹೂಗುಚ್ಛ ನೀಡಲು, ಪ್ರಾರ್ಥನೆ ಹಾಡಲು ಈ ಹೆಣ್ಮಕ್ಕಳೇ ಬೇಕು. ಅವರ ಹೆಗಲು ನೋಯುತ್ತಿದೆಯೇ ಎಂದು ಕೇಳುವ ಹೊಣೆಯೂ ಸಂಘದ್ದೇ. ಪದಾಧಿಕಾರಿಗಳು ಇತ್ತ ಗಮನ ಹರಿಸಲಿ.